ಗೈರುಹಾಜರಿಯೂ ಒಂದು ಮತವೇ

ಬಸವನಗುಡಿಯ ಅಪಾರ್ಟ್‌ಮೆಂಟ್ ಸಂಘವೊಂದರ ಸರ್ವಸದಸ್ಯರ ಸಭೆ ಅಂದ್ಕೊಳ್ಳಿ. 100 ಸದಸ್ಯರು, ಕೋರಂ 40. ಹೊಸ ಬೋರ್‌ವೆಲ್ ಕೊರೆಸಬೇಕಾ ಅನ್ನೋದು ಪ್ರಶ್ನೆ. ಬಂದವರು 39, ಎಲ್ಲರೂ ಪರ. ಆದರೂ ಕೋರಂ ಇಲ್ಲ, ನಿರ್ಣಯ ಇಲ್ಲ. ಅಷ್ಟರಲ್ಲಿ ವಿರೋಧಿಸಲೆಂದೇ ಒಬ್ಬರು ಬರ್ತಾರೆ. ತಲೆ 40 ಆಯ್ತು. 39–1ರಿಂದ ನಿರ್ಣಯ ಪಾಸ್! ಅವರು ಮನೆಯಲ್ಲೇ ಕಾಫಿ ಕುಡೀತಾ ಕೂತಿದ್ದರೆ ಗೆಲ್ಲುತ್ತಿದ್ದರು.

ಇದು ಬರೀ ಲೆಕ್ಕದ ತಮಾಷೆಯಲ್ಲ. ಇಟಲಿಯಲ್ಲಿ ಕಾನೂನು ರದ್ದುಪಡಿಸುವ ಜನಮತಗಣನೆಗಳಿಗೆ ಅರ್ಧಕ್ಕಿಂತ ಹೆಚ್ಚು ಮತದಾರರು ಬರಲೇಬೇಕು. 2025ರ ಜೂನ್‌ನಲ್ಲಿ ಆಳುವ ಮೈತ್ರಿಕೂಟದ ನಾಯಕರು ಮತ ಹಾಕಬೇಡಿ ಎಂದರು. ಬಂದವರು ಸುಮಾರು 30%. ಬಂದವರಲ್ಲಿ ಎಷ್ಟು ಜನ 'ಹೌದು' ಎಂದರೂ ಪ್ರಯೋಜನವಾಗಲಿಲ್ಲ.

ಕೋರಂ ಜಾಸ್ತಿಯಾದರೆ ಈ ಕಥೆ. ಕಮ್ಮಿಯಾದರೆ? ವಿಧಾನಸೌಧ ನೋಡಿ. ಸಂವಿಧಾನದ 189ನೇ ವಿಧಿಯಂತೆ ವಿಧಾನಸಭೆಯ ಕೋರಂ ಹತ್ತನೇ ಒಂದು ಭಾಗ, ಅಂದರೆ ನಮ್ಮಲ್ಲಿ 23. ಅಷ್ಟೂ ಜನ ಸೇರದೆ ಬೆಲ್ ಹೊಡೆದು ಕಾಯುವುದು ಹೊಸದೇನಲ್ಲ. ಸೇರಿದ ಮೇಲೆ, ಹಾಜರಿದ್ದು ಮತ ಹಾಕಿದವರ ಬಹುಮತವೇ ಸಾಕು.

ಈ ಎರಡನೇ ನಿಯಮದ ತಾಕತ್ತು ಕಂಡದ್ದು 2019ರ ಜುಲೈ 23ರಂದು. ನಾಮನಿರ್ದೇಶಿತ ಸದಸ್ಯರೂ ಸೇರಿ ಸದನದ ಬಲ 225, ಅದರಲ್ಲಿ ಬಹುಮತಕ್ಕೆ 113. ಕುಮಾರಸ್ವಾಮಿ ಸರ್ಕಾರದ ಪರ 99, ವಿರುದ್ಧ 105. ಎರಡೂ ಕಡೆ 113 ಇಲ್ಲ! ಮಲ್ಲೇಶ್ವರದ ಪಕ್ಕದ ಮಹಾಲಕ್ಷ್ಮಿ ಲೇಔಟ್ ಶಾಸಕರೂ ಸೇರಿದಂತೆ ಅತೃಪ್ತರು ಸದನಕ್ಕೇ ಬರಲಿಲ್ಲ. ಹಾಜರಾಗುವಂತೆ ಅವರನ್ನು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಜುಲೈ 17ರಂದೇ ಹೇಳಿತ್ತು. ವಿರುದ್ಧ ಕೈ ಎತ್ತದೆಯೇ ಅವರು ಸರ್ಕಾರ ಬೀಳಿಸಿದರು.

ಹಾಗಂತ ಸಂವಿಧಾನಕ್ಕೆ ಈ ಆಟ ಗೊತ್ತಿಲ್ಲ ಅಂತಲ್ಲ. ಸ್ಪೀಕರ್ ಅವರನ್ನು ಕೆಳಗಿಳಿಸಲು 179ನೇ ವಿಧಿ ಕೇಳುವುದು ಆಗಿನ ಎಲ್ಲ ಸದಸ್ಯರ ಬಹುಮತ. ಅಲ್ಲಿ ನಾಲ್ಕು ಜನರನ್ನು ರೆಸಾರ್ಟ್‌ನಲ್ಲಿ ಕೂರಿಸಿದರೆ ಬೇಕಾದ ಸಂಖ್ಯೆ ಇಳಿಯುವುದಿಲ್ಲ. ಸರ್ಕಾರದ ವಿಶ್ವಾಸಮತಕ್ಕೆ ಮಾತ್ರ ಆ ರಕ್ಷಣೆ ಇಲ್ಲ.

ಅಂದರೆ ಗೈರಿಗೆ ಎಷ್ಟು ಬೆಲೆ ಅನ್ನೋದನ್ನು ನಿಯಮ ಬರೆಯುವವರೇ ತೀರ್ಮಾನ ಮಾಡಿರ್ತಾರೆ. ನಿಮ್ಮ ಸಂಘ, ಯೂನಿಯನ್, ಸೊಸೈಟಿ ಯಾವುದೇ ಇರಲಿ, ಮತಕ್ಕೆ ಹಾಕುವ ಮೊದಲು ಬೈಲಾ ತೆಗೆದು ಮೂರು ಪ್ರಶ್ನೆ ಕೇಳಿ: ಕೋರಂ ಎಷ್ಟು? ಬಹುಮತ ಯಾರ ಲೆಕ್ಕದಲ್ಲಿ, ಬಂದವರದ್ದೋ ಎಲ್ಲರದ್ದೋ? ಮುಂದೂಡಿದ ಸಭೆಗೆ ಕೋರಂ ಬೇಕೋ ಬೇಡವೋ? ಇದು ಗೊತ್ತಿಲ್ಲದವರು ಮತ ಹಾಕುತ್ತಾರೆ. ಗೊತ್ತಿದ್ದವರು ಮನೆಯಲ್ಲೇ ಕೂತು ಗೆಲ್ಲುತ್ತಾರೆ.