ಒಂದು ದಿನದ ನೀರಾಟ, ವರ್ಷವಿಡೀ ಸೋರಿಕೆ

ಈಸ್ಟರ್ ಕಳೆದ 98ನೇ ದಿನ ಆರ್ಮೇನಿಯಾದಲ್ಲಿ ನಡೆಯುವ ವರ್ದವಾರ್ ಹಬ್ಬವನ್ನು ಬಣ್ಣವಿಲ್ಲದ ಓಕುಳಿ ಎನ್ನಬಹುದು. ಸಾಮಾನ್ಯವಾಗಿ ಜುಲೈನಲ್ಲಿ ಬರುವ ಆ ಭಾನುವಾರ ರಾಜಧಾನಿ ಯೆರೆವಾನ್‌ನ ಬೀದಿಗಳಲ್ಲಿ ಬಕೆಟ್ ಹಿಡಿದ ಮಕ್ಕಳು ಪರಿಚಿತರು, ಅಪರಿಚಿತರು ಎನ್ನದೆ ಎಲ್ಲರನ್ನೂ ತೋಯಿಸುತ್ತಾರೆ. ಕಾರಿನ ಕಿಟಕಿ ಮುಚ್ಚಲು ಮರೆತವರ ಪಾಡಂತೂ ಹೇಳುವಂತಿಲ್ಲ. ತೋಯ್ದವರು ಸಿಟ್ಟಾಗಬಾರದು ಎಂಬುದು ಹಬ್ಬದ ಕಟ್ಟಳೆ. ಪ್ರೇಮ ಮತ್ತು ನೀರಿನ ದೇವತೆ ಅಸ್ತ್‌ಘಿಕ್‌ಗೆ ಸಲ್ಲುತ್ತಿದ್ದ ಈ ಆಚರಣೆಯನ್ನು, ನಾಲ್ಕನೇ ಶತಮಾನದಲ್ಲಿ ಕ್ರೈಸ್ತ ಧರ್ಮ ರಾಜಧರ್ಮವಾದ ಬಳಿಕವೂ ಜನ ಕೈಬಿಡಲಿಲ್ಲ. ಚರ್ಚ್ ಅದನ್ನು ಕ್ರಿಸ್ತನ ರೂಪಾಂತರದ ಹಬ್ಬದೊಂದಿಗೆ ಹೊಂದಿಸಿಕೊಂಡಿತು. ಸೋವಿಯತ್ ಆಳ್ವಿಕೆಯ ದಶಕಗಳನ್ನೂ ಅದು ದಾಟಿ ಬಂದಿದೆ.

ನೀರಿನ ಅಭಾವದ ಈ ಕಾಲದಲ್ಲಿ ಇಂಥ ಸಂಭ್ರಮ ಬೇಕೇ ಎಂಬ ಪ್ರಶ್ನೆ ಸಹಜ. ಆದರೆ ಮಕ್ಕಳ ಬಕೆಟ್ಟಿನತ್ತ ಬೆರಳು ತೋರಿಸುವುದು ಸಮಸ್ಯೆಯ ಮೂಲವನ್ನು ಮರೆಮಾಚಿದಂತೆ.

ಕಡಲಿಲ್ಲದ ಆ ನಾಡಿಗೆ ಸೆವಾನ್ ಸರೋವರವೇ ಸಮುದ್ರ. 1930ರ ದಶಕದಲ್ಲಿ ಆರಂಭವಾದ ಸೋವಿಯತ್ ಯೋಜನೆಯು ಅದರ ನೀರನ್ನು ಜಲವಿದ್ಯುತ್ತಿಗೂ ನೀರಾವರಿಗೂ ಹರಿಸಿದ ಪರಿಣಾಮ ನೀರಿನ ಮಟ್ಟ ಸುಮಾರು 19 ಮೀಟರ್ ಕುಸಿಯಿತು. ಒಂದು ಕಾಲಕ್ಕೆ ದ್ವೀಪದ ಮೇಲಿದ್ದ ಸೆವಾನವಾಂಕ್ ಮಠಕ್ಕೆ ಇಂದು ನಡೆದೇ ಹೋಗಬಹುದು! ಅರ್ಪಾ ನದಿಯಿಂದ ನೀರು ತರಲು 48 ಕಿ.ಮೀ. ಉದ್ದದ ಸುರಂಗ 1981ರಲ್ಲಿ ಸಿದ್ಧವಾಯಿತು. 1990ರ ದಶಕದ ಇಂಧನ ಬಿಕ್ಕಟ್ಟಿನಲ್ಲಿ ಸರೋವರವನ್ನು ಮತ್ತೆ ಬರಿದು ಮಾಡಲಾಯಿತು. ಸರೋವರದ ರಕ್ಷಣೆಗೆಂದೇ 2001ರಲ್ಲಿ ಕಾಯ್ದೆ ಬಂತು. ವರ್ಷಕ್ಕೆ 170 ದಶಲಕ್ಷ ಘನ ಮೀಟರಿಗಿಂತ ಹೆಚ್ಚು ನೀರು ಬಿಡಕೂಡದೆಂಬ ಮಿತಿಯೂ ನಿಗದಿಯಾಯಿತು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ, 2012 ಮತ್ತು 2014ರಲ್ಲಿ ಸಂಸತ್ತೇ ಆ ಮಿತಿಯನ್ನು ಸಡಿಲಿಸಿತು. 2018 ಮತ್ತು 2019ರ ಬೇಸಗೆಯಲ್ಲಿ ಸರೋವರ ಪಾಚಿಗಟ್ಟಿ ಹಸಿರಾದುದನ್ನು ಜಗತ್ತೇ ಕಂಡಿತು.

ಅರಾರತ್ ಕಣಿವೆಯ ಸ್ಥಿತಿಯೂ ಭಿನ್ನವಲ್ಲ. ಅಲ್ಲಿ ನೆಲದೊಳಗಿನ ಒತ್ತಡದಿಂದ ತಾನಾಗಿಯೇ ಚಿಮ್ಮುವ ಬಾವಿಗಳಿದ್ದವು. ಕಳೆದ ಎರಡು ದಶಕಗಳಲ್ಲಿ ಮೀನು ಸಾಕಣೆ ಕೇಂದ್ರಗಳು ಮಿತಿಮೀರಿ ನೀರೆತ್ತಿದ್ದರಿಂದ ಎಷ್ಟೋ ಹಳ್ಳಿಗಳಲ್ಲಿ ಅವು ಚಿಮ್ಮುವುದನ್ನೇ ನಿಲ್ಲಿಸಿವೆ. ರಫ್ತಿನಿಂದ ಆದಾಯ ಬಂದಿರುವುದು ನಿಜ. ಆದರೆ ಅದರ ಬೆಲೆ ತೆರುತ್ತಿರುವವರು ತೋಟ, ಮನೆಗಳಿಗೆ ನೀರಿಲ್ಲದ ಗ್ರಾಮಸ್ಥರು.

ಹಬ್ಬದ ದಿನ ಮಿತವ್ಯಯದ ಉಪದೇಶ ನೀಡುವುದು ಸುಲಭ. ಅದರ ಬದಲು ಪ್ರತಿ ಕೊಳವೆಬಾವಿಗೂ ಮೀಟರ್ ಅಳವಡಿಸಿ, ಪರವಾನಗಿ ಮೀರಿದವರ ಬಾವಿಗಳನ್ನು ಮುಚ್ಚಿಸುವ, ಸೋರುವ ನಾಲೆಗಳನ್ನು ದುರಸ್ತಿ ಮಾಡುವ ಕೆಲಸವನ್ನು ಯೆರೆವಾನ್ ಸರ್ಕಾರ ಚುರುಕುಗೊಳಿಸಬೇಕು. ಸೆವಾನ್‌ನ ಮಿತಿಯನ್ನು ಮತ್ತೆ ಸಡಿಲಿಸುವ ಪ್ರಸ್ತಾವ ಸಂಸತ್ತಿನ ಮುಂದೆ ಬಂದರೆ ಸದಸ್ಯರು ಅದನ್ನು ತಿರಸ್ಕರಿಸಬೇಕು.