ಮೀನು ಸತ್ರೆ ಸಲಹೆ ಕೊಟ್ಟೋನ ತಪ್ಪಾ?

ನಮ್ಮ ಕೇರಿಯ ಹುಡುಗನೊಬ್ಬ ಮೀನು ಸಾಕಾಣಿಕೆ ಸಲಹೆಗಾರ. ಗುತ್ತಿಗೆ ಕೆಲಸ. ನಸುಕಿನಲ್ಲಿ ಹೊಂಡದ ಆಮ್ಲಜನಕ ಕುಸಿದು ಕಾಟ್ಲಾ, ರೋಹು ತೇಲಿದ್ರೆ ಬೈಗುಳ ಅವನಿಗೇ. ಸ್ವಾಮಿ, ಅವನಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದೀರಾ? ಬೈಕಿಗೆ ಪೆಟ್ರೋಲ್?

2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನ. ಕಾಗದದ ಮೇಲೆ ಚೆಂದ. ಆದರೆ ಹೊಂಡ ತೋಡೋಕೆ ಸ್ವಂತದ್ದೋ ಗುತ್ತಿಗೆಯದ್ದೋ ಜಮೀನು ಬೇಕಲ್ಲ! ಭೂಮಿಯೇ ಇಲ್ಲದ ಕೇರಿಯಲ್ಲಿ ನಿಂತು ಅವನು ಏನಂತ ಸಲಹೆ ಕೊಡಬೇಕು? ಗುರಿ ಮುಟ್ಟದಿದ್ರೆ ಅದಕ್ಕೂ ಅವನೇ ಹೊಣೆ.

1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಹಕ್ಕಿಗೆ. ನಾವು ಕೇಳ್ತಿರೋದೂ ಅದೇ. ಸಲಹೆಗಾರರನ್ನು ಕಾಯಂ ಮಾಡಿ. ಊರಕೆರೆಯ ಮೀನು ಗುತ್ತಿಗೆಯಲ್ಲಿ ಭೂಹೀನ ದಲಿತರಿಗೆ ಪಾಲು ಕೊಡಿ. ಆಮೇಲೆ ಗುರಿ ಕೇಳಿ.

ಜೈ ಭೀಮ್.