ಕುಕ್ಕರು ಮತ್ತು ಸರ್ಪಗಂಧ
ಕಳೆದ ರಜೆಯಲ್ಲಿ ಮೇಳಿಗೆಗೆ ಹೋದಾಗ ಅನಂತನಾಥ ಬಸದಿಯ ಬಳಿ ವೃದ್ಧ ನಾಟಿವೈದ್ಯರೊಬ್ಬರು ಸಿಕ್ಕಿದರು. "ಮೇಷ್ಟ್ರೇ, ಸರ್ಪಗಂಧದ ಒಂದು ಗಿಡ ಕಾಣಬೇಕಾದರೆ ಈಗ ಕಾಡೆಲ್ಲ ಅಲೆಯಬೇಕು" ಎಂದರು. ಅದರ ಔಷಧವಿರುವುದು ಬೇರಿನಲ್ಲಿ. ಬೇರು ಕಿತ್ತರೆ ಗಿಡ ಉಳಿಯದು. 1952ರಲ್ಲಿ ಆ ಬೇರಿನಿಂದ ರಕ್ತದೊತ್ತಡವನ್ನು ತಗ್ಗಿಸುವ ರೆಸರ್ಪಿನ್ ದೊರೆತ ಮೇಲಂತೂ ಜಗತ್ತೇ ಅದರ ಬೆನ್ನು ಹತ್ತಿತು. ಬೀಜ ಬಿತ್ತೋಣವೆಂದರೆ ಮೊಳೆಯುವವು ಕೆಲವೇ.

ಅಂಗಾಂಶ ಕೃಷಿ ಇದಕ್ಕೊಂದು ದಾರಿ. ಎಳೆಯ ಗಿಣ್ಣೊಂದನ್ನು ಶುಚಿಗೊಳಿಸಿ ಪೋಷಕ ಲೋಳೆಯಲ್ಲಿ ನೆಟ್ಟರೆ ಕುಡಿಯ ಮೇಲೆ ಕುಡಿ ಒಡೆಯುತ್ತದೆ. ಅದು ದೊಡ್ಡ ಪ್ರಯೋಗಶಾಲೆಯ ಮಾತೆನ್ನುವಿರಾ? ಅಲ್ಲಿಗೂ ಅಡುಗೆಮನೆ ಕಾಲಿಟ್ಟಿದೆ, ವಾಚಕರೇ! ಶುದ್ಧ ಸುಕ್ರೋಸಿನ ಸ್ಥಾನದಲ್ಲಿ ಅಂಗಡಿಯ ಸಕ್ಕರೆ, ಲೀಟರಿಗೆ 30 ಗ್ರಾಂ. ದುಬಾರಿಯಾದ ಅಗರ್‌ಗೆ ಬದಲಾಗಿ ಇಸಬ್‌ಗೋಲು ಸಾಕೆಂದು 1998ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಬಬ್ಬರ್ ಮತ್ತು ಜೈನ್ ತೋರಿಸಿಕೊಟ್ಟರು. ಆಟೊಕ್ಲೇವಿನ ಕೆಲಸವನ್ನು ಕುಕ್ಕರು ಮಾಡುತ್ತದೆ: ಚದರ ಅಂಗುಲಕ್ಕೆ 15 ಪೌಂಡು ಒತ್ತಡ, 121 ಡಿಗ್ರಿ ಸೆಲ್ಸಿಯಸ್, 20 ನಿಮಿಷ. ಜಾಮಿನ ಸೀಸೆ, ಕಿಟಕಿಯ ಬೆಳಕು ಉಳಿದುದಕ್ಕೆ. ಲವಣಗಳನ್ನೂ ಚೋದಕಗಳನ್ನೂ ಮಾತ್ರ ಕೊಳ್ಳಲೇಬೇಕು.

ಮಡಿಯಲ್ಲಿ ಮಾತ್ರ ಅಗ್ಗವಿಲ್ಲ. ಬೂಷ್ಟಿನ ಒಂದು ಕಣ ಬಿದ್ದರೆ ಸೀಸೆಯೇ ಹೋಯಿತು. ನಮ್ಮ ಮಳೆಗಾಲದಲ್ಲಿ ಅದು ಕರೆಯದೆ ಬರುವ ನೆಂಟ. (ಅಜ್ಜಿಯ ಮಡಿಯನ್ನು ಕಂಡು ನಗುತ್ತಿದ್ದ ನಾನು ಈಗ ನಗಲಾರೆ.) ಸೀಸೆಯಿಂದ ತೆಗೆದ ಸಸಿಯನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಬಾಡುತ್ತದೆ, ಕೆಲವು ವಾರ ಮುಚ್ಚಿಟ್ಟು, ತೇವ ಕಾಯ್ದು, ಮೆಲ್ಲಗೆ ಹೊರಗಾಳಿಗೆ ಒಗ್ಗಿಸಬೇಕು.

ವೈದ್ಯರಿಗೆ ಇದನ್ನೆಲ್ಲ ವಿವರಿಸಿದೆ. "ಬೇರು ಬಲಿಯಲು ಎಷ್ಟು ಕಾಲ?" ಎಂದರು. ಒಂದೂವರೆ ಎರಡು ವರ್ಷವಾದರೂ ಬೇಕೆಂದೆ. ಅವರು ಕಾಡಿನ ಕಡೆ ನೋಡಿ, "ಅಷ್ಟು ದಿನ ಅಲ್ಲಿರುವುದನ್ನು ಕೀಳದೆ ಬಿಡುತ್ತಾರೆಯೇ?" ಎಂದು ಕೇಳಿದರು.